ಹಳದಿ ಗೆರೆಯ ಈಚೆ

ಸೂರ್ಯನೊಳಗಿನಂಥ ಬೆಂಕಿಯನ್ನು ಗೋಡೆಗೆ ತಾಗದಂತೆ ಹಿಡಿದಿಡುವ ಅಯಸ್ಕಾಂತ ಅದು. ಕಡುಚಳಿಯಲ್ಲಿ ತಡೆಯಿಲ್ಲದೆ ವಿದ್ಯುತ್ ಹರಿಸುವ ಅದರ ತಂತಿಯನ್ನು ಸುತ್ತುತ್ತಲೇ ತಲೆ ನರೆತವನನ್ನು ಪ್ರಯೋಗಾಲಯದವರೆಲ್ಲ ‘ಸುತ್ತಜ್ಜ’ ಎನ್ನುತ್ತಿದ್ದರು. ಕೂದಲೆಳೆಯಷ್ಟು ಸಡಿಲವಾದರೂ ಕೆಟ್ಟೀತೆಂದು ಪ್ರತಿ ಸುತ್ತನ್ನೂ ಅವನು ಎದೆಗೊತ್ತಿ ಹಿಡಿಯುತ್ತಿದ್ದ. “ಮಗೂನ ಮಲಗಿಸ್ತಿದೀರಾ ಅಜ್ಜಾ?” ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು.

ಕಳೆದ ವರ್ಷ ಹೃದಯ ಕೈಕೊಟ್ಟಿತು. ವೈದ್ಯರು ಎದೆಯೊಳಗೆ ಪೇಸ್‌ಮೇಕರ್ ಇಟ್ಟರು.

ಇಂದು ಅಯಸ್ಕಾಂತಕ್ಕೆ ಮೊದಲ ಸಲ ವಿದ್ಯುತ್ ಹರಿಸುವ ದಿನ. ಮಗಳ ಕೈಹಿಡಿದು ಬಂದವನನ್ನು ಕಾವಲುಗಾರ ಬಾಗಿಲಲ್ಲೇ ತಡೆದ. “ಹಳದಿ ಗೆರೆ ದಾಟಬೇಡಿ ಅಜ್ಜಾ. ಅಯಸ್ಕಾಂತದ ಸೆಳೆತಕ್ಕೆ ನಿಮ್ಮೆದೆಯ ಯಂತ್ರ ಕೆಡುತ್ತೆ.”

ಒಳಗೆ ಚಪ್ಪಾಳೆ ಕೇಳಿಸಿತು. ಅಜ್ಜ ಮಗಳತ್ತ ತಿರುಗಿದ.

“ಅದನ್ನ ಎದೆಗವಚಿಕೊಂಡೇ ಬೆಳೆಸಿದ್ದೆ ಕಣೇ. ಈಗ ಆ ಎದೆನೇ ಅದರ ಹತ್ರ ಹೋಗಬಾರದಂತೆ.”