ನಾನು ಚೆನ್ನಾಗಿ ಆಡಿದ ಭಾನುವಾರ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ವಾಷಿಂಗ್ ಮಷೀನು ಕಟಕಟ ಸದ್ದು ಮಾಡತೊಡಗಿತು. ನಾನು ಪೇಪರು ಮಡಚಿ ಎದ್ದುಹೋಗಿ, ಅದರ ಪಕ್ಕ ನಿಂತು, ಕಿವಿಗೊಟ್ಟು ಕೇಳಿ, "ಬೇರಿಂಗ್ ಹೋಗಿದೆ, ಮೆಕ್ಯಾನಿಕ್ಕನ್ನ ಕರೆಸಬೇಕು" ಎಂದು ಗಂಭೀರವಾಗಿ ತೀರ್ಪು ಕೊಟ್ಟೆ. ನನ್ನ ಹೆಂಡತಿ ಸುಮಾ ಮಷೀನು ನಿಲ್ಲಿಸಿದಳು. ಒದ್ದೆ ಬಟ್ಟೆಗಳ ನಡುವಿನಿಂದ ನನ್ನ ಪ್ಯಾಂಟನ್ನು ಎಳೆದು, ಜೇಬಿಗೆ ಕೈ ಹಾಕಿ, ಒಂದು ಅಡಿಕೆ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ತಗೊಳ್ಳಿ, ನಿಮ್ಮ ಬೇರಿಂಗು."

ಅಡಿಕೆಯ ಒಂದು ಬದಿಯಲ್ಲಿ ಹಲ್ಲಿನ ಗುರುತಿತ್ತು. ಹಲ್ಲು ನನ್ನದೇ.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನ ಜೇಬಿನಲ್ಲಿ ಅಡಿಕೆ ಸಿಕ್ಕರೆ ಅದೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷವಿದೆ. ಇದು ತಿನ್ನುವ ಅಡಿಕೆಯಲ್ಲ, ಪೋಕರ್ ಆಡುವ ಅಡಿಕೆ. ಅದನ್ನು ನಾನು ತಿಂದಿದ್ದೇನೆ ಎನ್ನುವುದು ಬೇರೆ ವಿಷಯ. ಅಲ್ಲ, ಯೋಚಿಸಿದರೆ ಅದೇ ವಿಷಯ.

ಈ ಪೋಕರ್ ನಮ್ಮ ಮನೆತನಕ್ಕೆ ಬಂದದ್ದು ನನ್ನ ಸೋದರಮಾವನಿಂದ. ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಕೆಂಪಗೆ ಕಾದ ಸರಳುಗಳು ನುಗ್ಗಿ ಬರುವ ಜಾಗದಲ್ಲಿ ಆಯುಷ್ಯವೆಲ್ಲ ಕಳೆದು, ಹತ್ತೂ ಬೆರಳುಗಳ ಸಮೇತ ರಿಟೈರಾದವರು. ಆ ಹತ್ತು ಬೆರಳುಗಳ ಬಗ್ಗೆ ಅವರಿಗೆ ಬಹಳ ಅಭಿಮಾನ. ಯಾರಾದರೂ ಗಮನವಿಲ್ಲದೆ ಕೆಲಸ ಮಾಡುವುದು ಕಂಡರೆ, ಅದು ಲೋಟಕ್ಕೆ ಕಾಫಿ ಬಗ್ಗಿಸುವ ಕೆಲಸವೇ ಆದರೂ, ಎರಡೂ ಕೈ ಎತ್ತಿ ಬೆರಳುಗಳನ್ನು ಅಗಲಿಸಿ ತೋರಿಸುತ್ತಿದ್ದರು. ಯಾವುದೋ ಕಾಲದಲ್ಲಿ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಪರದೇಶದ ಇಂಜಿನಿಯರೊಬ್ಬ ಅವರಿಗೆ ಈ ಆಟ ಕಲಿಸಿದನಂತೆ. ಅವನು ತನ್ನೂರಿಗೆ ಹೋದ. ಆಟ ಭದ್ರಾವತಿಯ ನ್ಯೂ ಟೌನಿನಲ್ಲಿ, ಮಾವನ ಮನೆಯ ಪಡಸಾಲೆಯಲ್ಲಿ ಉಳಿಯಿತು.

ಆಟ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಕೈಗೆ ಐದು ಇಸ್ಪೀಟಿನ ಎಲೆ ಬರುತ್ತವೆ, ಬೇಡದ್ದನ್ನು ಒಮ್ಮೆ ಬದಲಾಯಿಸಬಹುದು. ಒಳ್ಳೆಯ ಎಲೆ ಬಂದರೆ ಬಂದಿಲ್ಲದವರ ಹಾಗೆ, ಬರದಿದ್ದರೆ ಬಂದವರ ಹಾಗೆ ಮುಖ ಇಟ್ಟುಕೊಂಡು ಪಣ ಏರಿಸುತ್ತ ಹೋಗಬೇಕು. ಎದುರಿನವರು ಹೆದರಿ ಎಲೆ ಕೆಳಗಿಟ್ಟರೆ ಅದಕ್ಕೆ ಪ್ಯಾಕ್ ಎನ್ನುತ್ತಿದ್ದೆವು. ಹೆದರದೆ "ತೋರಿಸು" ಎಂದರೆ ಶೋ. ಅಂದರೆ ಆಟ ಇರುವುದು ಎಲೆಯಲ್ಲಿ ಕಾಲು ಭಾಗ, ಮುಖದಲ್ಲಿ ಮುಕ್ಕಾಲು. ಮಾವನ ಮುಖ ಕಾರ್ಖಾನೆಯ ಗೋಡೆ. ಹಣೆಯ ಮೇಲೆ ಬಳಿದ ವಿಭೂತಿ ಸಂಜೆಯವರೆಗೆ ಒಂದು ಗೆರೆಯೂ ಬಿರುಕು ಬಿಡುತ್ತಿರಲಿಲ್ಲ.

ಆಡುತ್ತಿದ್ದವರು ನಾಲ್ಕು ಜನ. ಮಾವ, ಅತ್ತೆ, ಪಕ್ಕದ ಕ್ವಾರ್ಟರ್ಸಿನ ಆರ್ಮುಗಂ, ಮತ್ತು ಪ್ರತಿ ಭಾನುವಾರ ಮಧ್ಯಾಹ್ನ ಶಿವಮೊಗ್ಗದ ವಿದ್ಯಾನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನಾನು. ಮೊದಲು ಪಣಕ್ಕೆ ಇಡುತ್ತಿದ್ದದ್ದು ಕಾರ್ಖಾನೆಯ ಹಳೇ ವಾಷರುಗಳನ್ನು. ಅವು ಉರುಳುವ ಸದ್ದಿಗೆ ತಲೆನೋವು ಬರುತ್ತದೆ ಎಂದು ಅತ್ತೆ ತಕರಾರು ತೆಗೆದ ಮೇಲೆ ನಾನು ಮಂಡಿಯಿಂದ ಸ್ಯಾಂಪಲ್ ಅಡಿಕೆ ತಂದುಕೊಟ್ಟೆ. ಅಡಿಕೆಯ ದರ್ಜೆಗಳಲ್ಲಿ ಕಡಿಮೆಯದಾದ ಗೊರಬಲು ಎಂದರೆ ಚಿಲ್ಲರೆ. ಬೆಟ್ಟೆ ಅದಕ್ಕಿಂತ ಮೇಲು. ಸರಕು ಎಂಬ ಜಾತಿ ಎಲ್ಲಕ್ಕಿಂತ ದೊಡ್ಡದು. ಈ ಏರ್ಪಾಡು ನನ್ನದೇ ಎಂದು ಬಹಳ ಹೆಮ್ಮೆಪಟ್ಟೆ. ಅದರಲ್ಲಿ ಒಂದೇ ತೊಡಕು ಇತ್ತು. ವಾಷರನ್ನು ಯಾರೂ ತಿನ್ನುವುದಿಲ್ಲ.

ಒಳ್ಳೆಯ ಎಲೆ ಬಂದ ಕೂಡಲೇ ನನ್ನ ಕೈ ನನಗೆ ಹೇಳದೆ ಕೇಳದೆ ಒಂದು ಅಡಿಕೆ ಎತ್ತಿ ಬಾಯಿಗೆ ಹಾಕುತ್ತಿತ್ತು. ಅದೂ ಸರಕನ್ನೇ, ಅದು ಮೆತ್ತಗಿರುತ್ತದಲ್ಲ. ಅದನ್ನು ಕಂಡ ತಕ್ಷಣ ಮೂವರೂ ಎಲೆ ಕೆಳಗಿಡುತ್ತಿದ್ದರು. ಹೀಗೆ ನಾನು ಗೆದ್ದಾಗಲೆಲ್ಲ ಗೆದ್ದದ್ದಕ್ಕಿಂತ ತಿಂದದ್ದೇ ಹೆಚ್ಚಾಗುತ್ತಿತ್ತು. ಆರ್ಮುಗಂ ಅಂತೂ, "ಏನ್ ತಂಬಿ, ಆಡೋಕ್ ಬಂದ್ಯಾ, ಟಿಫನ್ನಿಗೆ ಬಂದ್ಯಾ?" ಎಂದು ಕೇಳದ ವಾರವಿಲ್ಲ. ಕೆಟ್ಟ ಎಲೆ ಬಂದಾಗ ನನ್ನ ಗಮನ ಅಡುಗೆಮನೆಗೆ ಹೋಗುತ್ತಿತ್ತು. ಎಣ್ಣೆ ಕಾದ ವಾಸನೆ ಬಂದರೆ ಸಾಕು, ಇದು ಮೆಣಸಿನಕಾಯಿ ಬಜ್ಜಿಯೋ ಈರುಳ್ಳಿ ಬಜ್ಜಿಯೋ ಎಂಬ ಚಿಂತೆಯಲ್ಲಿ ಯಾರು ಏನು ಪಣ ಇಟ್ಟರೆಂದೇ ಮರೆತುಹೋಗುತ್ತಿತ್ತು.

"ಕಣ್ಣು ಇಲ್ಲಿ, ಕೈ ಇಲ್ಲಿ, ಮನಸ್ಸೂ ಇಲ್ಲೇ ಇರ್ಬೇಕು ಮಾರಾಯ," ಎನ್ನುತ್ತಿದ್ದರು ಮಾವ. "ಮೂರೂ ಒಂದ್ ಕಡೆ ಇದ್ರೆ ನಿನ್ನನ್ನ ಯಾರೂ ಸೋಲ್ಸೋಕಾಗಲ್ಲ."

"ಮುಂದಿನ ವಾರ ನೋಡಿ ಮಾವ," ಎನ್ನುತ್ತಿದ್ದೆ ನಾನು, ಬಜ್ಜಿಗೆ ಕೈ ಚಾಚುತ್ತ. ಪಾಪ, ಅವರು ಹತ್ತು ಬೆರಳು ಎತ್ತಿ ತೋರಿಸುತ್ತಿದ್ದರು.

ಹೀಗೆಯೇ ಎಷ್ಟೋ ವರ್ಷ ನಡೆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ಮಾವನಿಗೆ ಊಟ ಸೇರದಾಯಿತು. ಅವರಿಗೆ ಮಕ್ಕಳಿಲ್ಲ. ಶಿವಮೊಗ್ಗದಲ್ಲಿ ತೋರಿಸಿ, ಸ್ಕ್ಯಾನ್ ಮಾಡಿಸಿ, ರಿಪೋರ್ಟು ತರಲು ಹೋದದ್ದು ನಾನು ಮತ್ತು ಅತ್ತೆ. ಡಾಕ್ಟರು ಬಾಗಿಲು ಹಾಕಿಸಿ, ಲಿವರಿನಲ್ಲಿ ಗಂಟಿದೆ, ತುಂಬ ತಡವಾಗಿದೆ, ನೋವಾಗದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದರು. ಅತ್ತೆ ಹೊರಗೆ ಬಂದು ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅವ್ರಿಗೆ ಗ್ಯಾಸ್ಟ್ರಿಕ್ ಅಂತ ಹೇಳಣ. ನಿಜ ಗೊತ್ತಾದ್ರೆ ಅವ್ರು ಇವತ್ತೇ ಕುಸಿದುಹೋಗ್ತಾರೆ ಕಣೋ. ನಿನ್ನ ಮುಖ ನೋಡಿದ್ರೆ ಅವ್ರಿಗೆ ಎಲ್ಲಾ ತಿಳಿಯುತ್ತೆ. ದಮ್ಮಯ್ಯ, ಹುಷಾರಾಗಿರು" ಎಂದರು.

ಇಡೀ ಬಂಧುಬಳಗದಲ್ಲಿ ಅತ್ಯಂತ ಕೆಟ್ಟದಾಗಿ ಪೋಕರ್ ಆಡುವವನಿಗೆ ಈ ಎಲೆ ಬಂದಿತ್ತು. ಎದುರಿಗೆ ಶೋ ಕೇಳಲು ಕೂತವರು ಮಾವ.

ಆ ವಾರವೆಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. "ಗ್ಯಾಸ್ಟ್ರಿಕ್ ಮಾವ, ಏನೂ ಇಲ್ಲ" ಎಂದು ನಗುತ್ತ ಹೇಳಿ ನೋಡಿದೆ, ಗಂಭೀರವಾಗಿ ಹೇಳಿ ನೋಡಿದೆ, ಹಲ್ಲುಜ್ಜುತ್ತ ಹೇಳಿ ನೋಡಿದೆ. ಸುಮಾ ಬಾಗಿಲಲ್ಲಿ ನಿಂತು, "ಯಾವುದೂ ನಂಬೋ ಹಾಗಿಲ್ಲ ರೀ. ನೀವು ಬಾಯೇ ಬಿಡಬೇಡಿ" ಎಂದಳು. ಸರಿ, ಬಾಯಿ ಬಿಡುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ, ಎಲೆಯನ್ನಷ್ಟೇ ನೋಡುತ್ತೇನೆ ಎಂದು ನಿರ್ಧಾರ ಮಾಡಿಕೊಂಡು ಸ್ಕೂಟರು ಹತ್ತಿದೆ.

ಆ ಭಾನುವಾರ ನಾನು ಆಡಿದ ಹಾಗೆ ಯಾರೂ ಆಡಿಲ್ಲ. ತಲೆ ಎತ್ತಲಿಲ್ಲ. ಯಾರು ಎಷ್ಟು ಏರಿಸಿದರು, ಯಾರು ಎರಡು ಎಲೆ ಬದಲಾಯಿಸಿದರು, ಆರ್ಮುಗಂ ಯಾವಾಗ ಗಂಟಲು ಸರಿಮಾಡಿಕೊಂಡ, ಎಲ್ಲ ನನ್ನ ಲೆಕ್ಕದಲ್ಲಿತ್ತು. ಜೋಡಿ ಎಲೆಯೂ ಇಲ್ಲದೆ ಪಣ ಏರಿಸಿ ಮೂವರನ್ನೂ ಹೆದರಿಸಿದೆ. ಮೂರು ರಾಣಿಯರು ಬಂದಾಗ ಮುಖ ಕಿವುಚಿ ಕೂತೆ. ಕೈ ಅಡಿಕೆಯ ಕಡೆ ಹೋಗಲೇ ಇಲ್ಲ. ಅತ್ತೆ ಮೆಣಸಿನಕಾಯಿ ಬಜ್ಜಿ ತಂದು ಪಕ್ಕದಲ್ಲಿಟ್ಟದ್ದು ನನಗೆ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಆಟದ ಅಷ್ಟೂ ಸರಕು ಅಡಿಕೆ ನನ್ನ ಮುಂದೆ ಗುಡ್ಡೆಯಾಗಿತ್ತು. ಆರ್ಮುಗಂ ಎದ್ದು ನಿಂತು ನನಗೆ ಕೈ ಮುಗಿದ. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಬಹಳ ಖುಷಿಯಾಯಿತು. ಗೆದ್ದೆ, ಮುಖ ಬಿಟ್ಟುಕೊಡಲಿಲ್ಲ, ಎಂಥ ಮನುಷ್ಯ ನಾನು ಎಂದುಕೊಂಡೆ.

ಮಾವ ಗೇಟಿನವರೆಗೆ ಬಂದರು. ನಾನು ಸ್ಕೂಟರಿನ ಕೀ ತಿರುಗಿಸುವುದನ್ನೇ ನೋಡುತ್ತ ನಿಂತರು.

"ಬಜ್ಜಿ ತಣ್ಣಗಾಯ್ತಲ್ಲೋ," ಎಂದರು.

"ಹಸಿವಿರ್ಲಿಲ್ಲ ಮಾವ."

"ಇಷ್ಟು ವರ್ಷದಲ್ಲಿ ನೀನು ಬಜ್ಜಿ ಬಿಟ್ಟು ಎಲೆ ನೋಡಿದ್ದು ಇವತ್ತೊಂದೇ ದಿನ."

ನಾನು ಕನ್ನಡಿಯ ಮುಂದೆ ಕಲಿತದ್ದನ್ನೆಲ್ಲ ಒಟ್ಟು ಮಾಡಿಕೊಂಡು, "ಗ್ಯಾಸ್ಟ್ರಿಕ್ಕೇ ಮಾವ. ಡಾಕ್ಟ್ರು ಹೇಳಿದ್ದು ಗ್ಯಾಸ್ಟ್ರಿಕ್ ಅಂತಾನೇ" ಎಂದೆ. ಅವರು ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಅದು ನನಗೆ ಹೊಳೆಯಿತು.

ಮಾವ ನನ್ನ ಭುಜದ ಮೇಲೆ ಕೈಯಿಟ್ಟರು. "ಬಿಡು ಮಾರಾಯ. ನಾನು ಶೋ ಕೇಳಲ್ಲ," ಎಂದರು. ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಒಂದ್ ಉಪಕಾರ ಮಾಡು. ನಂಗೆ ಗೊತ್ತಾಗಿದೆ ಅಂತ ನಿಮ್ಮತ್ತೆಗೆ ಗೊತ್ತಾಗ್ಬಾರ್ದು. ಅವ್ಳು ನನ್ನನ್ನ ಕಾಪಾಡ್ತಿದೀನಿ ಅನ್ಕೊಂಡಿದಾಳೆ, ಅದೊಂದು ಧೈರ್ಯ ಅವ್ಳಿಗೆ. ನೀನು ಹಿಂಗೆ ಚೆನ್ನಾಗಿ ಆಡ್ತಾ ಕೂತ್ರೆ ಅವ್ಳಿಗೆ ತಿಳಿದುಹೋಗುತ್ತೆ. ಮುಂದಿನ ವಾರದಿಂದ ಮೊದ್ಲಿನ ತರ ಆಡು. ಅಡಿಕೆ ತಿನ್ನು."

ಭದ್ರಾವತಿಯಿಂದ ವಿದ್ಯಾನಗರದವರೆಗೆ ಅಳುತ್ತಲೇ ಸ್ಕೂಟರು ಓಡಿಸಿದೆ. ಹೆಲ್ಮೆಟ್ಟಿನ ಒಳಗೆ ಅಳುವುದು ಸುಲಭದ ಕೆಲಸವಲ್ಲ, ಗಾಜೆಲ್ಲ ಮಂಜಾಗುತ್ತದೆ.

ಗಮನವಿಟ್ಟು ಗಮನವಿಲ್ಲದವನ ಹಾಗೆ ಆಡುವುದಿದೆಯಲ್ಲ, ಅದರಷ್ಟು ಕಷ್ಟದ ಆಟ ಇನ್ನೊಂದಿಲ್ಲ. ಅಲ್ಲಿಯವರೆಗೆ ದೇವರು ಕೊಟ್ಟ ಪ್ರತಿಭೆಯಿಂದ ಸೋಲುತ್ತಿದ್ದವನು ಈಗ ಶ್ರಮಪಟ್ಟು ಸೋಲಬೇಕಾಯಿತು. ಬಜ್ಜಿಯ ವಾಸನೆಗೆ ಮೂಗು ಎತ್ತಬೇಕು, ಆದರೆ ತೀರಾ ಎತ್ತಬಾರದು. ಒಳ್ಳೆಯ ಎಲೆ ಬಂದರೆ ಅಡಿಕೆ ತಿನ್ನಬೇಕು, ಆದರೆ ಕೈ ತಾನಾಗಿಯೇ ಹೋದಂತಿರಬೇಕು. ಅತ್ತೆಯ ಮುಂದೆ ಮಾವನಿಗೆ ಏನೂ ಗೊತ್ತಿಲ್ಲ ಎನ್ನುವ ಹಾಗೆ ಇರಬೇಕು, ಮಾವನ ಜೊತೆಗಿನ ಒಪ್ಪಂದ ಅತ್ತೆಗೆ ಗೊತ್ತಾಗದ ಹಾಗೂ ಇರಬೇಕು. ಮನೆಯಲ್ಲಿ ಸುಮಾಳನ್ನು ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದೆ. "ಸೋಲೋಕೂ ಟ್ಯೂಷನ್ ಬೇಕಾಯ್ತಲ್ಲ ನಿಮಗೆ" ಎನ್ನುತ್ತ ಅವಳು ಎಲೆ ಹಂಚುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಮಾವ ಮಂಚದ ಮೇಲೆ ದಿಂಬಿಗೊರಗಿ ಆಡತೊಡಗಿದರು. ಎಲೆ ಹಿಡಿಯುವಾಗ ಬೆರಳು ನಡುಗುತ್ತಿದ್ದವು. ಮುಖ ಮಾತ್ರ ಹಾಗೆಯೇ ಇತ್ತು. ನಾನು ಅಡಿಕೆ ಬಾಯಿಗೆ ಹಾಕಿದಾಗಲೆಲ್ಲ ಅತ್ತೆಗೆ ಕಾಣದಂತೆ ನನ್ನ ಕಡೆ ನೋಡಿ ರೆಪ್ಪೆ ಮಿಟುಕಿಸುತ್ತಿದ್ದರು. ಸಂಕ್ರಾಂತಿಗೆ ಮುಂಚೆ ತೀರಿಕೊಂಡರು. ಕೊನೆಯವರೆಗೂ ಅವರಿಗೆ ಗ್ಯಾಸ್ಟ್ರಿಕ್ಕೇ ಆಗಿತ್ತು. ನನ್ನನ್ನು ಅವರಷ್ಟು ಸರಿಯಾಗಿ ಓದಿದವರು ಯಾರೂ ಇರಲಿಲ್ಲ, ಈಗ ಆ ಓದುವವರು ಇಲ್ಲ ಎಂದು ನನಗೆ ಎಷ್ಟೋ ತಿಂಗಳು ಸಂಕಟವಾಗುತ್ತಿತ್ತು.

ಆಟ ನಿಲ್ಲಲಿಲ್ಲ. ವರ್ಷದ ಮಾಸಿಕ ಮುಗಿದ ಮೇಲೆ ಅತ್ತೆಯೇ ಫೋನ್ ಮಾಡಿ, "ಆರ್ಮುಗಂ ಬಂದು ಬಂದು ಖಾಲಿ ಕೂತ್ಕೊಂಡ್ ಹೋಗ್ತಾನೆ, ನೀನು ಬಾ" ಎಂದರು. ಈಗ ನಾವು ಮೂವರು.

ವಾಷಿಂಗ್ ಮಷೀನಿನ ಅಡಿಕೆಯನ್ನು ಒಣಗಿಸಿ ಅದೇ ಮಧ್ಯಾಹ್ನ ಭದ್ರಾವತಿಗೆ ತೆಗೆದುಕೊಂಡು ಹೋದೆ. ಬೇರಿಂಗಿನ ಕಥೆ ಹೇಳಿ ಅತ್ತೆಯನ್ನು ನಗಿಸಿದೆ. ಅವರು ಅಡಿಕೆಯನ್ನು ಕೈಯಲ್ಲಿ ಹಿಡಿದು, ಹಲ್ಲಿನ ಗುರುತನ್ನು ತಿರುಗಿಸಿ ನೋಡಿದರು.

"ಅವ್ರಿದ್ದಾಗ ಒಂದ್ ಭಾನುವಾರ, ನೆನಪಿದ್ಯಾ? ನಾನಿನ್ನೂ ಎಲೆ ಹಂಚ್ತಾ ಇದ್ದೆ. ನೀನು ಎಲೆ ಎತ್ತೋಕ್ ಮುಂಚೇನೇ ಅಡಿಕೆ ಬಾಯಿಗ್ ಹಾಕ್ಕೊಂಡೆ."

ನನಗೆ ನೆನಪಿರಲಿಲ್ಲ.

"ಎಲೆ ನೋಡ್ದೇನೇ ಖುಷಿಯಾಗೋಕೆ ನೀನೇನ್ ಸನ್ಯಾಸಿನಾ? ಇದನ್ನ ನಿಮ್ ಮಾವಾನೇ ಹೇಳ್ಕೊಟ್ಟಿದಾರೆ ಅಂತ ಅವತ್ತೇ ತಿಳೀತು ನಂಗೆ. ಕಾಯಿಲೆ ವಿಷ್ಯ ಅವ್ರಿಗೆ ಗೊತ್ತಾಗಿದೆ ಅಂತಾನೂ ತಿಳೀತು."

"ಅತ್ತೇ! ಮತ್ತೆ ಮಾವಂಗೆ ಹೇಳ್ಲಿಲ್ವಾ ನೀವು?"

"ಯಾಕ್ ಹೇಳ್ಲಿ? ನಂಗೆ ಗೊತ್ತಿಲ್ಲ ಅಂತ ಅವ್ರು ಎಷ್ಟ್ ನೆಮ್ಮದಿಯಾಗಿದ್ರು."

"ನಂಗೂ ಗೊತ್ತಿತ್ತು ತಂಬಿ," ಎಂದ ಆರ್ಮುಗಂ ಎಲೆ ಕಲೆಸುತ್ತ. "ಎಲ್ರಿಗೂ ಗೊತ್ತಿತ್ತು. ನೀನ್ ಕಷ್ಟಪಡ್ತಾ ಇದ್ಯಲ್ಲ, ಅದಕ್ಕೇ ಯಾರೂ ಹೇಳ್ಲಿಲ್ಲ."

ಅಷ್ಟೂ ತಿಂಗಳು ಮೂವರು ಸೇರಿ ನನ್ನೊಬ್ಬನ ಮರ್ಯಾದೆ ಕಾಪಾಡಿದ್ದರು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಅಳು ಬಂತು. ಈ ಸಲ ಹೆಲ್ಮೆಟ್ ಹಾಕಿಕೊಂಡಿರಲಿಲ್ಲ, ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಅತ್ತೆಯೂ ಕಣ್ಣೊರೆಸಿಕೊಂಡು, ಬಾಣಲೆ ನೋಡಿಬರುತ್ತೇನೆಂದು ಒಳಗೆ ಹೋದರು. ಬಂದ ಮೇಲೆ ಆರ್ಮುಗಂ ಎಲೆ ಹಂಚಿದ. ಆಟಕ್ಕೆಂದು ತಲೆಗೊಂದು ಗೊರಬಲು ನಡುವೆ ಇಟ್ಟೆವು.

ಎಲೆ ಎತ್ತಿದೆ. ಮೂರು ರಾಜರು.

ಕಣ್ಣು ಇಲ್ಲಿ, ಕೈ ಇಲ್ಲಿ, ಮನಸ್ಸೂ ಇಲ್ಲೇ ಎಂದು ಒಳಗೇ ಹೇಳಿಕೊಂಡೆ. ಹೇಳಿಕೊಳ್ಳುತ್ತಿರುವಾಗಲೇ ಕೈ ಸರಕಿನ ಕಡೆ ಹೊರಟಿತ್ತು. ಈ ಸಲ ಅದನ್ನು ತಡೆಯಲೂ ಇಲ್ಲ, ಹೋಗು ಎಂದು ಹೇಳಲೂ ಇಲ್ಲ. ಅತ್ತೆ ಎಲೆ ಕೆಳಗಿಟ್ಟರು. ಆರ್ಮುಗಮೂ ಇಟ್ಟ. ಮೂರು ರಾಜರನ್ನು ಹಿಡಿದುಕೊಂಡು ನಾನು ಗೆದ್ದದ್ದು ಎರಡು ಗೊರಬಲು, ತಿಂದದ್ದು ಒಂದು ಸರಕು.

ಅತ್ತೆ ಬಜ್ಜಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ಇನ್ನೂ ಬಿಸಿಯಾಗಿತ್ತು.