ಅಮೆರಿಕದ ಅಧ್ಯಕ್ಷ ಮತ್ತು ಬಸರೀಕಟ್ಟೆಯ ಗೇಟು

"ಆ ಅಮೆರಿಕದವನ ಬಗ್ಗೆ ನೀನು ಬರ್ದಿದ್ದು ಓದಿದೆ ಮಾರಾಯ್ತಿ. ನಾಳೆ ನಮ್ಮನೆಯವ್ರ ಬಗ್ಗೆನೂ ಹಂಗೇ ಮಾತಾಡ್ಬೇಕು." ಬಸರೀಕಟ್ಟೆಯ ಸರೋಜಕ್ಕ ಫೋನಿನಲ್ಲಿ ಹೀಗಂದಾಗ ನಾನು ನಿಜಕ್ಕೂ ಹೆದರಿದೆ.

ನಾನು ಅಂಕಣದಲ್ಲಿ ಬರೆದದ್ದಾದರೂ ಏನು? ಅರವತ್ತರ ದಶಕದ ಆ ಅಧ್ಯಕ್ಷ (ಹೆಸರು ಬೇಡ, ನಿಮಗೆ ಗೊತ್ತಾಗಿರುತ್ತದೆ) ಬಿಳಿಯರ ವೋಟು ಕೈತಪ್ಪಿದರೂ ಸರಿ ಅಂತ ಕಪ್ಪು ಜನರ ಮತದಾನದ ಹಕ್ಕಿಗೆ ಕಾನೂನು ತಂದ. ಅದೇ ಮನುಷ್ಯ ವಿಯೆಟ್ನಾಂ ಮೇಲೆ ಬಾಂಬು ಸುರಿಸಿದ. (ಆ ಯುದ್ಧ ಬೇಡ ಅಂದ ನಮ್ಮ ದೇಶಕ್ಕೆ ಗೋಧಿ ಕಳಿಸಲು ಸತಾಯಿಸಿದವನೂ ಅವನೇ.) ಎರಡನ್ನೂ ಹೇಳಬೇಕು ಅಂತ ಬರೆದಿದ್ದೆ. ಅಷ್ಟು ದೂರದವನ ಬಗ್ಗೆ ಬರೆಯಲು ಧೈರ್ಯವೇನು ಬೇಕು?

ಇದು ಹಾಗಲ್ಲ. ಸರೋಜಕ್ಕನ ಗಂಡ ಪುಟ್ಟೇಗೌಡರು ತೀರಿಕೊಂಡಿದ್ದರು. ತಿಥಿ ಊಟಕ್ಕೆ ಮೊದಲು ನುಡಿನಮನ. ನಮ್ಮ ಕಡೆಯ ನುಡಿನಮನ ಗೊತ್ತಲ್ಲ, ಸತ್ತವರೆಲ್ಲ ಅಜಾತಶತ್ರುಗಳು!

ಗೌಡರಲ್ಲಿ ಒಳ್ಳೆಯದಕ್ಕೆ ಬರವಿರಲಿಲ್ಲ. ಮಗಳ ಮದುವೆಯಲ್ಲಿ ತೋಟದ ಕೆಲಸದವರನ್ನು ನೆಂಟರ ಪಂಕ್ತಿಯಲ್ಲೇ ಕೂರಿಸಿದ್ದರು. ಜಾತಿ ಹಿಡಿದವರು ಎಲೆ ಬಿಟ್ಟು ಎದ್ದರು. "ಹೋಗೋರು ಹೋಗ್ಲಿ" ಅಂದು ಗೌಡರೇ ಬಡಿಸಿದರು.

ಆದರೆ ಪಕ್ಕದ ಮನೆ ಚಂದ್ರಣ್ಣನ ಜೊತೆ ಗಡಿ ಜಗಳ. ಅವನ ಮನೆಗೆ ಹೋಗುವ ಜೀಪ್ ದಾರಿಗೆ ಗೌಡರು ಗೇಟು ಹಾಕಿ ಬೀಗ ಜಡಿದರು. ಚಂದ್ರಣ್ಣನ ತಾಯಿಗೆ ಉಸಿರು ಕಟ್ಟಿದಾಗ ಕಂಬಳಿ ಜೋಲಿಯಲ್ಲಿ ಹೊತ್ತು, ಗುಡ್ಡ ಸುತ್ತಿ ರಸ್ತೆಗೆ ತರಬೇಕಾಯಿತು. ಆಕೆಯ ಜೀವ ದಾರಿಯಲ್ಲೇ ಹೋಯಿತು. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

"ಚಂದ್ರಣ್ಣನ್ನ ನಾನೇ ಹೋಗಿ ಕರ್ದಿದ್ದೀನಿ. ಬರೀ ಹೊಗಳಿಕೆ ಕೇಳಿದ್ರೆ ಎದ್ದು ಹೋಗ್ತಾನೆ. ಇವ್ರ ಜಗಳ ಇವ್ರ ಜೊತೆಗೇ ಹೋಗ್ಲಿ. ನಂಗೆ ಆ ಮನೆ ಬೇಕು" ಅಂದರು ಸರೋಜಕ್ಕ. ಇಲ್ಲ ಅನ್ನುವುದು ಹೇಗೆ?

ಹೋದೆ. ಪಂಕ್ತಿಯ ವಿಷಯ ಹೇಳಿದೆ, ಎಲ್ಲರೂ ತಲೆಯಾಡಿಸಿದರು. ಗೇಟಿನ ಮಾತು ತೆಗೆದದ್ದೇ ತಡ, ಗೌಡರ ತಮ್ಮ "ಅದೆಲ್ಲ ಈಗ ಎಂತಕ್ಕೆ?" ಅಂದರು.

"ಹೇಳ್ಲಿ ಬಿಡಿ" ಅಂದರು ಸರೋಜಕ್ಕ. ಹೇಳಿ ಮುಗಿಸಿದೆ.

ಚಂದ್ರಣ್ಣ ಎದ್ದು ನಿಂತ. ಹೊರಟೇಬಿಟ್ಟ ಅಂದುಕೊಂಡೆ.

"ಗೌಡ್ರು ಪಂಕ್ತೀಲಿ ಕೂರ್ಸಿದ್ದೂ ನಿಜ, ನಮ್ಮಮ್ಮ ದಾರೀಲಿ ಹೋಗಿದ್ದೂ ನಿಜ. ಅಮ್ಮನ ವಿಷ್ಯ ಈ ಮನೇಲಿ ಹೇಳಿದ್ರಲ್ಲ, ನಂಗಷ್ಟು ಸಾಕು" ಅಂದ. ಊಟಕ್ಕೂ ಕೂತ. ಸರೋಜಕ್ಕನೇ ಬಂದು ಬಡಿಸಿದರು. ನನಗೆ ಕಣ್ಣು ತುಂಬಿ ಬಂತು.

ವಾಪಸು ಬರುವಾಗ, ಬಸ್ಸು ಜಯಪುರ ದಾಟುತ್ತಿದ್ದಂತೆ ಓದುಗರೊಬ್ಬರ ಫೋನ್. "ಮೇಡಂ, ಎರಡೂ ಬರೆದಿರಿ. ಒಟ್ಟಿನಲ್ಲಿ ಆ ಅಧ್ಯಕ್ಷ ಒಳ್ಳೆಯವನೋ ಕೆಟ್ಟವನೋ? ಒಂದೇ ಮಾತಲ್ಲಿ ಹೇಳಿ."

ಬಾಂಬಿಗೆ ಅಮ್ಮನನ್ನು ಕಳೆದುಕೊಂಡ ವಿಯೆಟ್ನಾಮಿನವನನ್ನು ಕೇಳದೆ, ಆ ಒಂದು ಮಾತನ್ನು ನಾನು ಹೇಗೆ ಹೇಳಲಿ?