ಮಕ್ತುಮಬಿಯ ಅಬ್ರಿ ಬಾಣಗಳು

ಬೆಳಕು ಹರಿಯುವುದರೊಳಗೆ ಮಕ್ತುಮಬಿ ಮುಗಿಸಬೇಕಾಗಿದ್ದದ್ದು: ಒಲೆಯ ಬೂದಿ ತೆಗೆಯುವುದು, ಓಣಿಯ ಬಾವಿಯಿಂದ ಆರು ಕೊಡ ನೀರು ತರುವುದು, ನಮಾಜಿಗೆ ಮುಂಚೆ ಅತ್ತೆ ಕೈಕಾಲು ತೊಳೆಯಲು ನೀರು ಕಾಯಿಸುವುದು, ಆಡಿನ ಹಾಲು ಕರೆಯುವುದು, ಅಂಗಳ ಗುಡಿಸುವುದು, ಏಳು ಜನಕ್ಕೆ ಇಪ್ಪತ್ತೆಂಟು ಜೋಳದ ರೊಟ್ಟಿ ಬಡಿಯುವುದು, ಅದರಲ್ಲಿ ಐದನ್ನು ಪಲ್ಲೆಯೊಂದಿಗೆ ಮೈದುನನ ಬುತ್ತಿಗೆ ಕಟ್ಟುವುದು. ಮೈದುನ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದ. ಆರೂವರೆಗೆ ಮನೆ ಬಿಡುತ್ತಿದ್ದ. ಇವೆಲ್ಲದರ ನಡುವೆ ಎಲ್ಲೋ ಒಂದು ಕಡೆ ಹನ್ನೆರಡು ಬಾಣಗಳಿಗೆ ಬಣ್ಣ ಏರಿಸುವುದು.

ಬಾಣ ಮಾಡುವವನು ಗಂಡ ಶಾಬುದ್ದೀನ. ಧಾರವಾಡದಿಂದ ಲಕಮನಹಳ್ಳಿಗೆ ಹೋಗುವ ದಾರಿಯ ಬದಿಯ ಓಣಿಯಲ್ಲಿ ಅವರ ಮನೆ; ಮುಂದಿನ ಕಟ್ಟೆಯೇ ಅವನ ಕಾರ್ಖಾನೆ. ಮೊದಲು ನಾಟಕ ಕಂಪನಿಗಳಿಗೆ ಬಿಲ್ಲು, ಗದೆ, ಸಿಂಹಾಸನ ಮಾಡಿಕೊಡುತ್ತಿದ್ದ. ೧೯೫೮ರಲ್ಲಿ ಹುಬ್ಬಳ್ಳಿಯ ಆಟದ ಸಾಮಾನಿನ ವ್ಯಾಪಾರಿ ಗಂಗಪ್ಪ ಬಂದು, ನೋಟಕ್ಕಲ್ಲ, ಬಿಲ್ಲುಗಾರಿಕೆಯ ಆಟಕ್ಕೆ ನಿಜವಾಗಿ ಹಾರುವ ಬಾಣ ಬೇಕೆಂದ. ಬಿದಿರನ್ನು ಕೆಂಡದ ಮೇಲೆ ಕಾಯಿಸಿ ನೆಟ್ಟಗೆ ಮಾಡುವುದು, ಮೊನೆ ಕೂರಿಸುವುದು, ಗರಿ ಅಂಟಿಸುವುದು ಶಾಬುದ್ದೀನನಿಗೆ ಬೇಗ ಒಲಿಯಿತು. ಅವನ ಕೆಲಸ ಬೆಳಿಗ್ಗೆ ಒಂಬತ್ತಕ್ಕೆ ಶುರು, ಸಂಜೆ ಆರಕ್ಕೆ ಮುಕ್ತಾಯ. ನಡುವೆ ಎರಡು ಸಲ ಚಹಾ, ಊಟದ ಮೇಲೆ ಒಂದು ನಿದ್ದೆ.

ಬಣ್ಣ ಮಕ್ತುಮಬಿಯದು. ವಿಜಾಪುರದಲ್ಲಿ ಅವಳ ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ರಟ್ಟಿನ ಒಳಮೈಗೆ ಅಂಟಿಸಲು, ಬಣ್ಣಗಳು ಮೋಡದಂತೆ ಹರಿದು ಕೂಡಿದ ಅಬ್ರಿ ಕಾಗದವನ್ನು ಮನೆಯಲ್ಲೇ ಮಾಡುತ್ತಿದ್ದರು. ಮೆಂತ್ಯ ನೆನೆಸಿ, ಕುದಿಸಿ, ಸೋಸಿದರೆ ಲೋಳೆಯಂಥ ನೀರು ಬರುತ್ತದೆ. ಅದನ್ನು ರಾತ್ರಿಯಿಡೀ ಆರಲು ಬಿಟ್ಟು, ಅಗಲವಾದ ತಗಡಿನ ತಟ್ಟೆಗೆ ಸುರಿದು, ಎತ್ತಿನ ಪಿತ್ತದ ಹನಿ ಬೆರೆಸಿದ ಬಣ್ಣಗಳನ್ನು ಚಿಮುಕಿಸಬೇಕು. ಬಣ್ಣ ಮುಳುಗದೆ ಮೇಲೆ ಬಿಲ್ಲೆಬಿಲ್ಲೆಯಾಗಿ ಅರಳುತ್ತದೆ. ಸೂಜಿಯಿಂದ ಗೀರಿದರೆ ಎಳೆಎಳೆಯಾಗುತ್ತದೆ. ಕಾಗದವಾದರೆ ಹಾಸಿ ಎತ್ತಿದರಾಯಿತು. ಬಾಣಕ್ಕೆ ಹಾಗಲ್ಲ. ಬಣ್ಣ ಹಿಡಿಯಲೆಂದು ಪಟಿಕದ ನೀರು ಸವರಿ ಒಣಗಿಸಿದ, ಇನ್ನೂ ಗರಿ ಅಂಟಿಸದ ಬಾಣವನ್ನು ಎರಡು ಕೈಯ ಬೆರಳಲ್ಲಿ ಹಿಡಿದು ಬಣ್ಣದ ಮೇಲೆ ಒಂದೇ ಸುತ್ತು ಉರುಳಿಸಬೇಕು. ಕೂದಲೆಳೆ ಹೆಚ್ಚು ಉರುಳಿದರೆ ಬಣ್ಣದ ಮೇಲೆ ಬಣ್ಣ ಕೂತು ಕೆಸರಾಗುತ್ತದೆ. ಕಡಿಮೆ ಉರುಳಿದರೆ ಉದ್ದಕ್ಕೂ ಬಿದಿರಿನ ಬಿಳಿ ಗೆರೆ ಉಳಿಯುತ್ತದೆ. ಈ ಲೆಕ್ಕವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ; ಗಂಡ ಎಸೆದ ಸೊಟ್ಟ ಬಾಣಗಳ ಮೇಲೆ ಒಂದು ಬೇಸಿಗೆಯೆಲ್ಲ ಕಲಿತಳು.

ಗಂಗಪ್ಪ ಮೊದಲ ಡಜನ್ ನೋಡಿ ಹಿಗ್ಗಿದ. ಬಿಲ್ಲುಗಾರರಿಗೆ ಗುರಿಹಲಗೆಯಿಂದ ಕಿತ್ತ ಬಾಣಗಳಲ್ಲಿ ತಮ್ಮದು ಯಾವುದೆಂದು ತಟ್ಟನೆ ತಿಳಿಯಬೇಕು. ಮಕ್ತುಮಬಿಯ ಒಂದೊಂದು ಡಜನ್ನೂ ಒಂದೇ ತಾಯಿಯ ಮಕ್ಕಳಂತೆ ಇರುತ್ತಿತ್ತು. ಇನ್ನೊಂದು ಡಜನ್ನನ್ನು ಹೋಲುತ್ತಿರಲಿಲ್ಲ.

"ಶಾಬುದ್ದೀನಾ, ನಿನ್ನ ಕೈಯಾಗ ಜಾದೂ ಐತಿ ನೋಡಪಾ," ಎಂದ ಗಂಗಪ್ಪ.

ಶಾಬುದ್ದೀನ ತನ್ನ ಕೈ ನೋಡಿಕೊಂಡ. ಒಳಗಿಂದ ಚಹಾ ಬಂತು.

ಅತ್ತೆ ಮಾಬೂಬಿಗೆ ಬೇರೆ ತಕರಾರು. "ಮೆಂತೆ ತಿನ್ನಾಕ ತಂದದ್ದೋ, ಬಾಣಕ್ಕ ಬಳಿಯಾಕ ತಂದದ್ದೋ? ಆ ಪಿತ್ತದ ಬಾಟ್ಲಿ ಬಚ್ಚಲದಾಗ ಇಟ್ಟೀಯಲ್ಲ, ನಿನ್ನೆ ಎಣ್ಣಿ ಅಂತ ತಲಿಗೆ ಹಚ್ಚಿಕೊಳ್ಳಾಕ ಹೋಗಿದ್ನಿ."

"ಹಚ್ಕೊಂಡಿದ್ರ ಕೂದಲಾ ಕರ್ರಗ ಆಗತಿದ್ವು ಅತ್ತಿ."

"ಭಾಳ ಶ್ಯಾಣೇಕಿ ಆಗೀದಿ."

ತೊಡಕು ಇದ್ದದ್ದು ಹೊತ್ತಿನಲ್ಲಿ. ಮೆಂತ್ಯದ ನೀರು ತಂಪಾಗಿರುವತನಕ ಮಾತ್ರ ಬಣ್ಣ ತೇಲುತ್ತದೆ. ಬಿಸಿಲೇರಿದರೆ ಅದು ತೆಳುವಾಗಿ ಬಣ್ಣ ತಳಕ್ಕಿಳಿಯುತ್ತದೆ. ದಾರಿಯಲ್ಲಿ ಗಾಡಿ ಓಡಾಡತೊಡಗಿದರೆ ದೂಳು ಕೂತು ಬಿಲ್ಲೆಗಳು ಒಡೆಯುತ್ತವೆ. ಹಾಗಾಗಿ ಕೆಲಸ ಐದರಿಂದ ಆರೂವರೆಯೊಳಗೆ ಆಗಬೇಕು. ರೊಟ್ಟಿ ಆಗಬೇಕಾದದ್ದೂ ಅದೇ ಹೊತ್ತಿಗೆ. ದಿನಕ್ಕೆ ಒಂದು ಡಜನ್ ಇದ್ದಾಗ ಹೇಗೋ ನಡೆಯಿತು. ಅವಳು ನಾಲ್ಕರ ಬದಲು ಮೂರೂವರೆಗೆ ಏಳತೊಡಗಿದಳು, ಅಷ್ಟೇ. ಅದು ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ.

೧೯೬೨ರ ದೀಪಾವಳಿ ಮುಗಿದ ಮೇಲೆ ಗಂಗಪ್ಪ ಮತ್ತೆ ಬಂದ. ಪುಣೆ ಕಡೆಯ ಕ್ಲಬ್ಬುಗಳು ಕೇಳುತ್ತಿವೆ, ಇನ್ನು ಮೇಲೆ ದಿನಕ್ಕೆ ಮೂರು ಡಜನ್ ಆಗಬೇಕು ಎಂದ. ಶಾಬುದ್ದೀನ ಹೂಂ ಅಂದ. ಗಂಗಪ್ಪ ಹೋದ ಮೇಲೆ ಒಳಗೆ ಬಂದು ಹೆಂಡತಿಗೆ ಹೇಳಿದ.

"ಮೂರು ಡಜನ್ನಿಗೆ ಆ ಹೊತ್ತೆಲ್ಲಾ ಬಣ್ಣದ ತಟ್ಟಿ ಮುಂದ ಕುಂದ್ರಬೇಕಾಗತೈತಿ," ಅಂದಳು ಮಕ್ತುಮಬಿ. "ನೀರು ನೀವು ತರ್ತೀರೇನು?"

"ನಾ ಕೊಡಾ ಹೊತ್ತರ ಕೈ ನಡಗತಾವ. ಆಮ್ಯಾಲೆ ಬಾಣಾ ಸೊಟ್ಟ ಆಗತಾವ."

"ನನ್ನ ಕೈ?"

ಅವನು ನಕ್ಕ. ಕೆಟ್ಟವನಲ್ಲ. ಆ ಪ್ರಶ್ನೆಗೆ ಉತ್ತರ ಇರಬಹುದೆಂದು ಅವನಿಗೆ ತೋಚಲಿಲ್ಲ. "ಗುಲ್ಜಾರ ಇದಾಳಲ್ಲ," ಅಂದ. "ಹದಿಮೂರು ತುಂಬಿದಾವ. ನೀರು, ರೊಟ್ಟಿ ಅಕಿ ನೋಡ್ಕೋತಾಳ."

ಗುಲ್ಜಾರಬಿ ಹಿರಿಯ ಮಗಳು, ಏಳನೇ ಇಯತ್ತೆಯಲ್ಲಿ ಓದುತ್ತಿದ್ದಳು. ಮಾರ್ಚಿನಲ್ಲಿ ಆ ತರಗತಿಯ ಸರ್ಕಾರಿ ಪರೀಕ್ಷೆ, ಮುಲ್ಕಿ. ಮುಲ್ಕಿ ಪಾಸಾದ ಹುಡುಗಿ ಮುಂದೆ ಟ್ರೇನಿಂಗ್ ಮುಗಿಸಿ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾಗಬಹುದಿತ್ತು; ಆ ಓಣಿಯಿಂದ ಅಲ್ಲಿಯತನಕ ಯಾರೂ ಆಗಿರಲಿಲ್ಲ. ಅವಳ ಕೆಳಗೆ ಇಬ್ಬರು ತಮ್ಮಂದಿರು. ಅವರನ್ನು ಆರೂವರೆಗೆ ಎಬ್ಬಿಸಬೇಕಾಗಿತ್ತು.

ಮೊದಲ ವಾರ ಗುಲ್ಜಾರಬಿಯ ರೊಟ್ಟಿ ಹರಿದವು, ಸೀದವು. ಚಿಕ್ಕಪ್ಪ ವರ್ಕ್‌ಶಾಪಿನಲ್ಲಿ ಬುತ್ತಿ ಬಿಚ್ಚಿ ಗೆಳೆಯರಿಗೆ ರೊಟ್ಟಿಯಲ್ಲ, ನಕಾಶೆ ತೋರಿಸಿದೆನೆಂದು ಹೇಳಿ ಮನೆಯವರನ್ನು ನಗಿಸಿದ. ಹುಡುಗಿಯ ಮುಂಗೈ ಮೇಲೆ ಎರಡು ಬೊಬ್ಬೆ ಎದ್ದವು. ಅತ್ತ ಮಕ್ತುಮಬಿ ತಟ್ಟೆಯ ಮುಂದೆ ಕೂತು ಬಾಣ ಉರುಳಿಸುತ್ತಿದ್ದಳು. ನೀಲಿ, ಕಾವಿ, ಕಪ್ಪು. ಅವಳಿಗೆ ಆ ಕೆಲಸ ಬೇಕಾಗಿತ್ತು. ದಿನವೆಲ್ಲ ಅವಳು ಮಾಡಿದ್ದನ್ನು ಯಾರೋ ತಿಂದು ಮುಗಿಸುತ್ತಿದ್ದರು, ಇಲ್ಲ ತುಳಿದು ಹೊಲಸು ಮಾಡುತ್ತಿದ್ದರು. ಬಾಣ ಮಾತ್ರ ಮರುದಿನವೂ ಹಾಗೇ ಇರುತ್ತಿತ್ತು. ಹಿಂದಿನಿಂದ ಮಗಳು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ತಪ್ಪು ತಾಳದಲ್ಲಿ.

ಮೂರನೆಯ ವಾರ ತಾಳ ಸರಿಹೋಯಿತು. ಆ ದಿನ ಊಟಕ್ಕೆ ಕೂತ ಮಾಬೂಬಿ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. "ನೋಡ್ರಿ, ಆಚಿನ ದಾರಿ ಕಾಣಸ್ತೈತಿ. ಅವ್ವನಕಿಂತಾ ತೆಳ್ಳಗ ಬಡೀತಾಳ. ಇನ್ನ ಯಾವ ಮನಿಗೆ ಕೊಟ್ರೂ ಚಿಂತಿ ಇಲ್ಲ."

"ಖರೇನ," ಅಂದ ಶಾಬುದ್ದೀನ. "ಛಲೋ ಆಗ್ಯಾವ ಗುಲ್ಜಾರ."

ಗುಲ್ಜಾರಬಿ ನಾಚಿ ನಕ್ಕಳು. ಮಕ್ತುಮಬಿ ಮಗಳ ಮುಂಗೈಯ ಬೊಬ್ಬೆಯ ಕಲೆ ನೋಡಿದಳು. ಹರಿದ ರೊಟ್ಟಿಯ ದಿನಗಳಲ್ಲಿ ಅವಳಿಗೆ ಭಯವಿರಲಿಲ್ಲ. ಹರಿದ ರೊಟ್ಟಿ ಮಾಡುವವಳನ್ನು ಸಾಲಿಗೆ ಕಳಿಸಿಬಿಡುತ್ತಾರೆ. ತೆಳ್ಳನೆಯ ರೊಟ್ಟಿಯವಳನ್ನು ಯಾರು ಬಿಡುತ್ತಾರೆ?

ಶನಿವಾರ ಸಾಲಿಯ ನಿರುಪಮಾ ಅಕ್ಕೋರು ಮನೆಗೇ ಬಂದರು. ಹುಡುಗಿ ಮೊದಲ ತಾಸಿಗೆ ಬರುತ್ತಿಲ್ಲ, ಬಂದರೆ ತೂಕಡಿಸುತ್ತಾಳೆ. "ಮುಲ್ಕಿಗೆ ಕೂಡೋರ ಹೆಸರು ಸೋಮವಾರ ಕಳಸ್ಬೇಕ್ರಿ. ತಂದಿ ತಾಯಿ ಒಬ್ರು ಹೂಂ ಅಂದ್ರ ಬರಕೋತೇನಿ. ಆದ್ರ ದಿನಾ ಹೊತ್ತಿಗೆ ಸರಿಯಾಗಿ ಬರಬೇಕು. ಇಲ್ಲಂದ್ರ ಹೆಸರು ಬರದು ಉಪಯೋಗಿಲ್ಲ."

"ಈ ವರ್ಷ ಬ್ಯಾಡ್ರಿ," ಅಂದ ಶಾಬುದ್ದೀನ, ಮೆತ್ತಗೆ. "ಮುಂದಿನ ವರ್ಷ ಕೂಡ್ಲಿ. ಈಗ ಮನ್ಯಾಗ ರೊಟ್ಟಿ ಬಡಿಯೋರಿಲ್ಲ."

ಅದೊಂದೇ ಕಾರಣ ಹೇಳಿದ. ಮಕ್ತುಮಬಿ ಬಾಗಿಲ ಹಿಂದೆ ನಿಂತು ಕೇಳಿದಳು. ಬೇರೆ ಕಾರಣ ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಭಾನುವಾರ ಮಧ್ಯಾಹ್ನ ಶಾಬುದ್ದೀನ ಮಲಗಿದ್ದಾಗ ಗಂಗಪ್ಪನ ಆಳು ಬಾಣ ಒಯ್ಯಲು ಬಂದ. ಕೊಡಬೇಕಾದ ರೊಕ್ಕ ಅವಳ ಕೈಗೆ ಕೊಟ್ಟು ಹೋದ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡಳು, ಗಂಡನನ್ನು ಎಬ್ಬಿಸಲಿಲ್ಲ. ನೀರನ್ನು ಮೊದಲಿನಂತೆ ಐದರೊಳಗೆ ತಾನೇ ತರಬಹುದು; ರೊಟ್ಟಿಗಷ್ಟೇ ದಾರಿ ಬೇಕಿತ್ತು. ಎರಡು ಓಣಿ ದಾಟಿ ಶೇವಂತೆವ್ವನ ಖಾನಾವಳಿಗೆ ಹೋದಳು. ಕಾಲೇಜು ಹುಡುಗರು ಉಂಡು ಹೋದ ಮೇಲೆ ಶೇವಂತೆವ್ವ ಕಾಲು ಚಾಚಿ ಕೂತಿದ್ದಳು. ವಿಧವೆ, ಅವಳೂ ಇಬ್ಬರು ಹೆಂಗಸರೂ ಸೇರಿ ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುತ್ತಿದ್ದರು.

"ನಾಳಿಂದ ದಿನಾ ಮುಂಜಾನೆ ಇಪ್ಪತ್ತೆಂಟು ರೊಟ್ಟಿ ಬೇಕವಾ. ಆರರೊಳಗ."

ಶೇವಂತೆವ್ವ ಕಾಲು ಮಡಚಿದಳು. "ಯಾಕ? ಮನ್ಯಾಗ ಯಾರರ ಹಾಸಗಿ ಹಿಡದಾರೇನು?"

"ಇಲ್ಲ. ಎಲ್ಲಾರೂ ಛಲೋ ಅದಾರ."

"ಮತ್ತ ರೊಟ್ಟಿ ಯಾಕ?"

"ತಿನ್ನಾಕ."

ಶೇವಂತೆವ್ವ ನಗಲಿಲ್ಲ. ಖಾನಾವಳಿಯ ರೊಟ್ಟಿ ಹೆಂಡತಿಯಿಲ್ಲದವರಿಗೆ, ಊರು ಬಿಟ್ಟು ಓದಲು ಬಂದವರಿಗೆ. ಮೂರು ಹೆಣ್ಣುಗಳಿರುವ ಮನೆಗೆ ಅದು ಹೋದರೆ ಓಣಿ ಏನನ್ನುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. "ಗಂಡಗ ಗೊತ್ತೈತಿ?"

"ತಾಟಿನ್ಯಾಗ ಬಿದ್ದಾಗ ಗೊತ್ತಾಗತೈತಿ."

"ಹುಚ್ಚಿ." ಶೇವಂತೆವ್ವ ದನಿ ತಗ್ಗಿಸಿದಳು. "ಹಿಂಗ ಮಾಡು. ಕತ್ತಲಿದ್ದಾಗ ಹಿತ್ತಲ ಬಾಗಲಿಗೆ ಬಾ. ಬುಟ್ಟಿಗೆ ಅರಬಿ ಮುಚ್ಚಿ ಕೊಡ್ತೇನಿ. ನಿನ್ನ ಹೆಂಚಿನ ಮ್ಯಾಲೆ ಒಂದ್ಸಲ ಬಿಸಿ ಮಾಡು. ನೀನ ಬಡದೀದಿ ಅಂತ ತಿಳಕೋತಾರ. ಯಾರಿಗೂ ಸುಳಿವು ಸಿಗೂದಿಲ್ಲ."

ಆಗುವಂಥ ಮಾತೇ. ಮಕ್ತುಮಬಿ ಹೊಸ್ತಿಲಲ್ಲಿ ನಿಂತು ಯೋಚಿಸಿದಳು. ಮುಚ್ಚಿ ಒಯ್ದರೆ ಬೈಗುಳ ತಪ್ಪುತ್ತದೆ. ಆದರೆ ರೊಟ್ಟಿ ತನ್ನ ಕೈಯಿಂದಲೇ ಬಂತೆಂದು ಮನೆ ನಂಬುತ್ತದೆ. ಒಂದು ದಿನ ತಾನು ಜ್ವರ ಬಂದು ಮಲಗಿದರೆ, ಅದೇ ಒಲೆಯ ಮುಂದೆ ಗುಲ್ಜಾರಳನ್ನು ಕೂರಿಸುತ್ತಾರೆ. ಮುಲ್ಕಿಯ ದಿನವೇ ಇರಬಹುದು. ರೊಟ್ಟಿಗೆ ಬೆಲೆ ಕೊಡಬೇಕಾಗುತ್ತದೆಂದು ಅವರ ಕಣ್ಣಿಗೆ ಬೀಳಬೇಕು.

"ಮುಂದಿನ ಬಾಗಲಿಗೇ ಬರ್ತೇನಿ," ಅಂದಳು. "ಮುಚ್ಚೂದು ಬ್ಯಾಡ. ನಿನ್ನ ಬುಟ್ಟ್ಯಾಗ ಕೊಡು, ನಿನ್ನ ಹೆಸರು ಹೇಳೇ ಬಡಸ್ತೇನಿ."

ಸೆರಗಿನ ಗಂಟು ಬಿಚ್ಚಿ ತಿಂಗಳಿನದು ಮುಂಗಡ ಕೊಟ್ಟಳು. ಆಮೇಲೆ ಮನೆಯ ಕಡೆ ತಿರುಗದೆ, ಮಗಳ ಹೆಸರು ಬರೆಸಲು ನಿರುಪಮಾ ಅಕ್ಕೋರ ಮನೆ ಯಾವ ಓಣಿಯಲ್ಲಿದೆಯೆಂದು ಶೇವಂತೆವ್ವನನ್ನೇ ಕೇಳಿಕೊಂಡು ಹೊರಟಳು.